ಐಸಿಟಿಸಿ ಕೊಠಡಿಯ ಸುಸ್ತು

ಸರ್ಕಾರಿ ಆಸ್ಪತ್ರೆಯ ಎಚ್‌ಐವಿ ಪರೀಕ್ಷಾ ಕೇಂದ್ರದಲ್ಲಿ, ಅಂದರೆ ಐಸಿಟಿಸಿಯಲ್ಲಿ, ಕೂರುವ ಆಪ್ತಸಮಾಲೋಚಕರನ್ನು ಬಳಲಿಸುವುದು ರೋಗಿಗಳ ಕಷ್ಟ ಎಂದು ಹೊರಗಿನವರ ಎಣಿಕೆ. ಅದು ಅರ್ಧ ನಿಜ. ಹೆಚ್ಚು ಹಿಂಡುವುದು ಒಬ್ಬರು ಎದ್ದು ಇನ್ನೊಬ್ಬರು ಕೂರುವ ನಡುವೆ ಬಿಡುವೇ ಇಲ್ಲದಿರುವುದು.

ಪಾಸಿಟಿವ್ ಬಂದ ಯುವಕನಿಗೆ ವಿಷಯ ತಿಳಿಸಿ, ಅವನ ಅಳು ನಿಂತ ಮೇಲೆ ಎಚ್‌ಐವಿ ಔಷಧಿ ಕೊಡುವ ಎಆರ್‌ಟಿ ಕೇಂದ್ರಕ್ಕೆ ಚೀಟಿ ಬರೆದು, ಹೆಂಡತಿಯ ಪರೀಕ್ಷೆಯ ಮಾತೆತ್ತುವಷ್ಟರಲ್ಲಿ ಬಾಗಿಲಲ್ಲಿ ಯಾರೋ ಇಣುಕುತ್ತಾರೆ: "ಮೇಡಂ, ನಮ್ಮ ರಿಪೋರ್ಟ್ ಆಯ್ತಾ?" ಮುಂದಿನವಳು ಚೊಚ್ಚಲ ಬಸುರಿ, ಖುಷಿಯಲ್ಲಿ ಬಂದಿರುತ್ತಾಳೆ. ಅವಳಿಗೆ ನಗುಮುಖ ಬೇಕು. ಈ ಮುಖ ಬದಲಿಸುವ ಕೆಲಸ ಯಾವ ರಿಜಿಸ್ಟರಿನಲ್ಲೂ ಏರುವುದಿಲ್ಲ.

ಆದ್ದರಿಂದ ಭಾರದ ಮಾತುಕತೆ ಮುಗಿದ ಮೇಲೆ 10 ನಿಮಿಷ ಬಾಗಿಲು ಹಾಕಿರಬೇಕು. ಟಿಪ್ಪಣಿ ಆಗಲೇ ಬರೆಯಿರಿ. ಸಂಜೆಗೆ ಉಳಿಸಿದರೆ ಅದೇ ದೃಶ್ಯವನ್ನು ಇನ್ನೊಮ್ಮೆ ಅನುಭವಿಸಿದಂತೆ. ಮತ್ತೆ ಮತ್ತೆ ಬರುವವರಿಗೆ ಮಧ್ಯಾಹ್ನದ ಹೊತ್ತು ಕೊಟ್ಟರೆ ಬೆಳಗಿನ ನೂಕುನುಗ್ಗಲು ತುಸು ಇಳಿಯುತ್ತದೆ.

ಕೆಲಸದ ಒತ್ತಡ ತರುವ ಈ ಸುಸ್ತಿಗೆ ಬರ್ನೌಟ್ ಎಂದು ಹೆಸರು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11 ಇದನ್ನು ಕಾಯಿಲೆ ಎನ್ನುವುದಿಲ್ಲ, ಕೆಲಸಕ್ಕೆ ಅಂಟಿದ ಸ್ಥಿತಿ ಎನ್ನುತ್ತದೆ. (ಯೋಗ ಮಾಡಿ ಎಂದು ಸುತ್ತೋಲೆ ಹೊರಡಿಸುವವರು ಇದನ್ನು ಓದಿದ್ದರೆ ಒಳ್ಳೆಯದಿತ್ತು.) ಅದು ಹೇಳುವ ಮೂರು ಲಕ್ಷಣಗಳಲ್ಲಿ ನಿತ್ರಾಣ, ಕೈಲಾಗುತ್ತಿಲ್ಲ ಎಂಬ ಭಾವ ಬೇಗ ಕಣ್ಣಿಗೆ ಬೀಳುತ್ತವೆ. ಮೋಸ ಮಾಡುವುದು ಮೂರನೆಯದು, ಕೆಲಸದಿಂದ ಮನಸ್ಸು ದೂರ ಸರಿಯುವುದು. ಅರ್ಧ ಗಂಟೆಯ ಮಾತು "ಮಾತ್ರೆ ತಗೊಳ್ಳಿ, ಏನೂ ಆಗಲ್ಲ" ಎಂದು 5 ನಿಮಿಷಕ್ಕೆ ಮುಗಿಯುತ್ತದೆ. ನೋಡಿದವರ ಸಂಖ್ಯೆ ಏರುವುದರಿಂದ ಮೇಲಿನವರಿಗೂ ಸಂತೋಷ!

ಇದನ್ನು ತಾವೇ ಅಳೆದುಕೊಳ್ಳುವುದಕ್ಕೆ ಪ್ರೊಕ್ವಾಲ್ (ProQOL) ಎಂಬ ಪ್ರಶ್ನಾವಳಿ ಉಚಿತವಾಗಿ ಸಿಗುತ್ತದೆ. ಹಿಂದಿನ 30 ದಿನಗಳ ಬಗ್ಗೆ 30 ಪ್ರಶ್ನೆ, 1ರಿಂದ 5 ಅಂಕ. ಕೆಲಸದ ತೃಪ್ತಿ, ಬರ್ನೌಟ್, ಪರರ ಆಘಾತ ತಗಲುವುದು, ಮೂರಕ್ಕೂ ತಲಾ 10 ಪ್ರಶ್ನೆ. ಬರ್ನೌಟಿನ 1, 4, 15, 17, 29ನೇ ಪ್ರಶ್ನೆಗಳ ಅಂಕ ತಿರುಗಿಸಬೇಕು, 5 ಇದ್ದರೆ 1. ಬಹಳ ಜನ ಇದನ್ನು ಮರೆತು ಇಲ್ಲದ ಬರ್ನೌಟ್ ಕಂಡು ಗಾಬರಿಯಾಗುತ್ತಾರೆ. ಮೂರನ್ನೂ ಒಟ್ಟು ಕೂಡಿಸಲೂಬಾರದು. ಬರ್ನೌಟಿನಲ್ಲಿ 42 ಅಥವಾ ಹೆಚ್ಚು ಬಂದರೆ ಕೆಲಸದ ಹಂಚಿಕೆ ಬದಲಾಗಬೇಕು. ಆಘಾತದ ಅಂಕ ಏರಿ ನಿದ್ದೆಯೂ ಕೆಟ್ಟಿದ್ದರೆ ಸ್ವತಃ ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಮನೆಯಲ್ಲಿ ಹೇಳಿ ಹಗುರಾಗೋಣವೆಂದರೆ 2017ರ ಎಚ್‌ಐವಿ ಕಾಯ್ದೆಯ ಗೋಪ್ಯತೆ ಅಡ್ಡ ಬರುತ್ತದೆ. ಹಾಗಾಗಿ 15 ದಿನಕ್ಕೊಮ್ಮೆ ಅನುಭವಿ ಸಮಾಲೋಚಕರೊಬ್ಬರ ಜತೆ ಒಂದು ಗಂಟೆ ಪ್ರಕರಣಗಳ ಚರ್ಚೆ ಬೇಕೇ ಬೇಕು. ಹೆಸರಷ್ಟೇ ಬಿಟ್ಟರೆ ಸಾಲದು. ಸಣ್ಣ ತಾಲ್ಲೂಕಿನಲ್ಲಿ ಊರು, ಕಸುಬು ಹೇಳಿದರೂ ಗುರುತು ಸಿಗುತ್ತದೆ. ಇನ್ನೊಂದು, ಆ ಹಿರಿಯರು ನಿಮ್ಮ ಕೆಲಸದ ಗುತ್ತಿಗೆ ನವೀಕರಣಕ್ಕೆ ಸಹಿ ಹಾಕುವವರಾಗಿರಬಾರದು. ಅವರು "ಹೇಗಿದ್ದೀರಮ್ಮಾ" ಎಂದು ಕೇಳಿದರೆ ಸಿಗುವ ಉತ್ತರ ಒಂದೇ: "ಚೆನ್ನಾಗಿದೀನಿ ಸಾರ್."