ಫ್ರೀ ಮಾತ್ರೆ ಅಷ್ಟೇನೂ ಫ್ರೀ ಅಲ್ಲ

ಮಾತ್ರೆ ಫ್ರೀ ಕೊಟ್ಟರೆ ಬಡವರ ಸಮಸ್ಯೆ ಮುಗಿಯಿತು ಅಂತ ನಾನೂ ಅಂದುಕೊಂಡಿದ್ದೆ. ಒಂದು ಸಲ ಪರಿಚಯದ ಅಮ್ಮ ಒಬ್ಬರ ಜೊತೆ ಬಿಪಿ ತೋರಿಸಲು ಹೋದೆ. ಅವರ ಹಳೇ ಚೀಟಿಗಳು ಪ್ಲಾಸ್ಟಿಕ್ ಕವರಿನಲ್ಲಿ ಮಡಚಿ ಮಡಚಿ ಹರಿಯುವ ಹಾಗಾಗಿದ್ದವು. ಬೆಳಗ್ಗೆ 8ಕ್ಕೆ ಸಾಲಿನಲ್ಲಿ ನಿಂತವರು ಡಾಕ್ಟರ್ ಮುಖ ನೋಡಿದ್ದು ಮಧ್ಯಾಹ್ನ 1ಕ್ಕೆ, ಅದೂ ಎರಡೇ ನಿಮಿಷ, ಅಷ್ಟರಲ್ಲಿ ಆ ದಿನದ ಕೂಲಿ ಹೋಗಿತ್ತು, ಬಸ್ ಚಾರ್ಜ್ ಬೇರೆ. ಮುಂದಿನ ತಿಂಗಳು ಅವರು ಹೋಗಲೇ ಇಲ್ಲ. ನಾನಾದರೂ ಹೋಗುತ್ತಿರಲಿಲ್ಲ ಬಿಡಿ.

ಜೂಲಿಯನ್ ಟ್ಯೂಡರ್ ಹಾರ್ಟ್ ಅಂತ ಒಬ್ಬ ಡಾಕ್ಟರ್ ಇದ್ದರು. ವೇಲ್ಸ್‌ನ ಗಣಿ ಕಾರ್ಮಿಕರ ನಡುವೆ ಕೆಲಸ ಮಾಡಿದವರು. ಯಾರಿಗೆ ಚಿಕಿತ್ಸೆ ಜಾಸ್ತಿ ಬೇಕೋ ಅವರಿಗೇ ಅದು ಕಮ್ಮಿ ಸಿಗುತ್ತದೆ ಅಂತ 1971ರಲ್ಲೇ ಬರೆದರು. 1978ರಲ್ಲಿ ಹಲವು ದೇಶಗಳು ಅಲ್ಮಾ ಅಟಾ ಅನ್ನೋ ಊರಲ್ಲಿ ಸೇರಿ ಹೊರಡಿಸಿದ ಆರೋಗ್ಯದ ಘೋಷಣೆಯೂ ಜನ ಇರುವ, ದುಡಿಯುವ ಜಾಗದ ಹತ್ತಿರವೇ ಆರೋಗ್ಯ ಸೇವೆ ಸಿಗಬೇಕು ಅಂದಿತು.

ಹತ್ತಿರ ಅಂದರೆ ಬರೀ ದೂರದ ಲೆಕ್ಕ ಅಲ್ಲ, ಅಲ್ವಾ? ಸಂಜೆ ಕೆಲಸ ಮುಗಿದ ಮೇಲೂ ಬಾಗಿಲು ತೆರೆದಿರಬೇಕು. ಬಿಪಿ ಹತೋಟಿಯಲ್ಲಿ ಇರುವವರಿಗೆ ಮೂರು ತಿಂಗಳ ಮಾತ್ರೆ ಒಟ್ಟಿಗೇ ಕೊಡಬಹುದು, ಸುಮ್ನೆ ತಿಂಗಳು ತಿಂಗಳು ಓಡಾಡಿಸೋದು ಯಾಕೆ? ಬಿಪಿ ನೋಡಲು ಡಾಕ್ಟರೇ ಬೇಕು ಅಂತಿಲ್ಲ. ತರಬೇತಿ ಪಡೆದ ಅದೇ ಬೀದಿಯವರೊಬ್ಬರು ಮನೆಗೇ ಬಂದು ನೋಡಬಹುದು, ಜಾಸ್ತಿ ಇದ್ದರೆ ಕಳಿಸಬಹುದು. ಆದರೆ ಅವರಿಗೆ ಸರಿಯಾಗಿ ಸಂಬಳ ಕೊಡಿ. ಸೇವೆ ಸೇವೆ ಅಂತ ಹೊಗಳಿ ಬಿಟ್ಟಿ ದುಡಿಸಿದರೆ ಆರು ತಿಂಗಳಲ್ಲಿ ಅವರೂ ಬೇರೆ ಕೆಲಸ ಹುಡುಕಿಕೊಳ್ಳುತ್ತಾರೆ.