ನಕ್ಷತ್ರದ ಕ್ವಿಲ್ಟ್: ಟಾಪ್ ಆಯಿತು, ಇನ್ನು ಗೆರೆ ಮತ್ತು ದಾರ

ಕ್ವಿಲ್ಟ್ ಅಂದರೆ ಮೂರು ಪದರ ಸೇರಿಸಿ ಹೊಲಿದ ಹೊದಿಕೆ. ಅದರ ಟಾಪ್, ಅಂದರೆ ಬಟ್ಟೆ ತುಂಡು ಜೋಡಿಸಿದ ಮೇಲಿನ ಪದರ, ಪೂರ್ತಿ ಆಯಿತು. 12 ಇಂಚಿನ ಸಾಟೂತ್ ಸ್ಟಾರ್ (ಮಧ್ಯದ ಚೌಕದ ಸುತ್ತ ಎಂಟು ಚೂಪು ಮೊನೆಗಳ ನಕ್ಷತ್ರ ಇರುವ ಚೌಕ) ಬ್ಲಾಕ್‌ಗಳು, ಅಡ್ಡಕ್ಕೆ 5, ಉದ್ದಕ್ಕೆ 6. ಸುತ್ತ 4 ಇಂಚಿನ ಬಾರ್ಡರ್. ಎಲ್ಲ ಸೇರಿ 68 ಇಂಚು ಅಗಲ, 80 ಇಂಚು ಉದ್ದ. ನಕ್ಷತ್ರಗಳು ಕಡುನೀಲಿ, ಸಾಸಿವೆ ಹಳದಿ, ಇಟ್ಟಿಗೆ ಕೆಂಪು. ಹಿನ್ನೆಲೆ ಎಲ್ಲ ಕಡೆ ಒಂದೇ ಕೆನೆ ಬಣ್ಣ, ಬಾರ್ಡರ್ ಕಡುನೀಲಿ. ಇಸ್ತ್ರಿ ಮಾಡಿ, ತಿರುಗಿಸಿ, ಹಿಂಬದಿಯಲ್ಲಿ ನೇತಾಡುತ್ತಿದ್ದ ದಾರದ ತುಂಡುಗಳನ್ನೆಲ್ಲ ಕತ್ತರಿಸಿದ್ದೇನೆ. ಇದು ಬೇಜಾರಿನ ಕೆಲಸ, ಆದರೆ ಬಿಡುವ ಹಾಗಿಲ್ಲ. ಕೆನೆ ಬಟ್ಟೆಯ ಅಡಿಯಲ್ಲಿ ಒಂದು ಕೆಂಪು ಎಳೆ ಉಳಿದರೂ ಮೇಲಿಂದ ಕಾಣುತ್ತದೆ. ಮೂರು ಪದರ ಸೇರಿಸಿ ಹೊಲಿದ ಮೇಲೆ ಅದನ್ನು ತೆಗೆಯೋಕೆ ಆಗಲ್ಲ.

ಪದರ ಸೇರಿಸುವ ಹೊಲಿಗೆಗೆ ಗೆರೆ ಮತ್ತು ದಾರ ಆರಿಸುವ ಈ ಹಂತ ನನಗೆ ತುಂಬಾ ಇಷ್ಟ. ಬಟ್ಟೆ ಜೋಡಿಸುವಾಗ ಅಳತೆಯೇ ಯಜಮಾನ. ಇಲ್ಲಿ ಮಾತ್ರ ಕಣ್ಣು ಹೇಳಿದ್ದನ್ನು ಕೇಳಬೇಕು.

ಮೊದಲು ಬ್ಯಾಟಿಂಗ್ (ನಡುವಿನ ಮೆತ್ತನೆಯ ಪದರ) ಏನು ಹೇಳುತ್ತದೆ ನೋಡಿದೆ. ಹತ್ತಿಯದು, ಹೊಲಿಗೆಗಳ ನಡುವೆ 8 ಇಂಚಿನ ತನಕ ಜಾಗ ಬಿಡಬಹುದು ಅಂತ ಪ್ಯಾಕೆಟ್ ಮೇಲೆ ಇದೆ. ಅಂದರೆ ದಟ್ಟವಾಗಿ ಹೊಲಿಯಲೇಬೇಕು ಅನ್ನುವ ಒತ್ತಾಯವಿಲ್ಲ. ಎಲ್ಲಿ ಜಾಸ್ತಿ, ಎಲ್ಲಿ ಕಡಿಮೆ ಅನ್ನೋದು ನನ್ನ ಆಯ್ಕೆ. ಜಾಸ್ತಿ ಹೊಲಿದ ಜಾಗ ಒತ್ತಿ ಚಪ್ಪಟೆಯಾಗುತ್ತದೆ, ಕಡಿಮೆ ಹೊಲಿದ ಜಾಗ ಉಬ್ಬಿ ಮೇಲೆ ಬರುತ್ತದೆ. ನನಗೆ ನಕ್ಷತ್ರಗಳು ಮೇಲೆ ಬರಬೇಕು. ಹಾಗಾಗಿ ಹೊಲಿಗೆಯ ಭಾರವೆಲ್ಲ ಕೆನೆ ಬಣ್ಣದ ಹಿನ್ನೆಲೆಗೆ.

ಬ್ಯಾಪ್ಟಿಸ್ಟ್ ಫ್ಯಾನ್ ಅನ್ನುವ ಹೊಲಿಗೆ ವಿನ್ಯಾಸ ಮನಸ್ಸಿನಲ್ಲಿ ತುಂಬಾ ಹೊತ್ತು ಇತ್ತು. ಒಂದರೊಳಗೊಂದು ಕೂತ ಅರ್ಧಚಂದ್ರದ ಸಾಲುಗಳು, ಮೊಣಕೈ ಊರಿ ಕೈ ಬೀಸಿದಷ್ಟು ದೂರಕ್ಕೆ ಎಳೆದ ಗೆರೆಗಳಂತೆ ಇರುತ್ತವೆ. ಹಳೆಯ ಕೈಹೊಲಿಗೆಯ ಕ್ವಿಲ್ಟ್‌ಗಳಲ್ಲಿ ಅದು ಎಷ್ಟು ಚೆಂದ! ಆದರೆ ಅದು ಬ್ಲಾಕ್ ಯಾವುದು, ಹಿನ್ನೆಲೆ ಯಾವುದು ಅಂತ ನೋಡದೆ ಎಲ್ಲದರ ಮೇಲೂ ಹಾದು ಹೋಗುತ್ತದೆ. ಚೂಪು ಮೊನೆಯ ನಕ್ಷತ್ರಕ್ಕೆ ಅದು ಬೇಡ ಅನ್ನಿಸಿತು. ಸ್ಟಿಪ್ಲಿಂಗ್ (ಒಂದನ್ನೊಂದು ದಾಟದೆ ಅಂಕುಡೊಂಕಾಗಿ ಸುತ್ತುವ ಗೆರೆ) ಕೂಡ ಯೋಚಿಸಿದೆ. ಜಾಗ ತುಂಬೋಕೆ ಸುಲಭ, ಆದರೆ ಈ ಟಾಪ್‌ಗೆ ಅದು ಏನೂ ಸೇರಿಸಲ್ಲ.

ಆಮೇಲೆ ಟಾಪ್ ಅನ್ನು ನೆಲದ ಮೇಲೆ ಹಾಸಿ, ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಟ್ಟು, ಅದರ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆಯುತ್ತಾ ಹೋದೆ. ಹಾಳೆಯ ಅಂಚಿಗೆ ಬಣ್ಣದ ಟೇಪ್ ಅಂಟಿಸಿಕೊಳ್ಳಿ. ಇಲ್ಲದಿದ್ದರೆ ಮಾರ್ಕರ್ ಹಾಳೆ ದಾಟಿ ಬಟ್ಟೆಯ ಮೇಲೆ ಹೋಗಿಬಿಡುತ್ತದೆ.

ಅಲ್ಲೇ ನನಗೆ ಬೇಕಾದದ್ದು ಸಿಕ್ಕಿತು. ನಾಲ್ಕು ಬ್ಲಾಕ್ ಸೇರುವ ಕಡೆ, ನಾಲ್ಕು ಮೂಲೆ ಚೌಕಗಳು ಕೂಡಿ 6 ಇಂಚಿನ ಒಂದು ಕೆನೆ ಚೌಕ ಆಗುತ್ತದೆ. ಎರಡು ಬ್ಲಾಕ್ ಪಕ್ಕಪಕ್ಕ ಬಂದಾಗ, ಎರಡರ ಕೆನೆ ತ್ರಿಕೋನಗಳು ಬೆನ್ನಿಗೆ ಬೆನ್ನು ತಾಗಿ ವಜ್ರದ ಆಕಾರವಾಗುತ್ತದೆ. ಮೊನೆಯಿಂದ ಮೊನೆಗೆ ಅದೂ 6 ಇಂಚು. ವಜ್ರದ ಮೊನೆ ಸರಿಯಾಗಿ ಚೌಕದ ಬದಿಯ ನಡುಮಧ್ಯಕ್ಕೆ ಬಂದು ತಾಗುತ್ತದೆ. ಅಂದರೆ ಬ್ಲಾಕ್ ಜೋಡಿಸಿದ ಗೆರೆಯ ಮೇಲೇ ಹೋದರೆ ಚೌಕ, ವಜ್ರ, ಚೌಕ, ವಜ್ರ ಅಂತ ಕೆನೆ ಬಟ್ಟೆ ಎಲ್ಲೂ ತುಂಡಾಗುವುದಿಲ್ಲ. ಈ ದಾರಿಯಲ್ಲಿ 3 ಇಂಚು ಉದ್ದದ ಎಸಳುಗಳ ಸಾಲು ಹಾಕಬಹುದು. ಹೋಗುವಾಗ ಒಂದು ಬಾಗು, ಬರುವಾಗ ಎದುರು ಬಾಗು, ಎಸಳು ತಾನೇ ಮುಚ್ಚಿಕೊಳ್ಳುತ್ತದೆ. ಒಂದು ಬಾರ್ಡರ್‌ನಿಂದ ಎದುರಿನ ಬಾರ್ಡರ್ ತನಕ ದಾರ ಕತ್ತರಿಸುವುದೇ ಬೇಡ! ಅಡ್ಡ ಸಾಲು, ಉದ್ದ ಸಾಲು ದಾಟುವ ಕಡೆ, ಅಂದರೆ ದೊಡ್ಡ ಚೌಕದ ನಡುವೆ, ನಾಲ್ಕೆಸಳಿನ ಹೂವು ತಾನಾಗೇ ಬರುತ್ತದೆ. ಗುರುತು ಹಾಕುವ ಕೆಲಸವೂ ಕಡಿಮೆ. ಎಸಳಿನ ತುದಿಗಳಲ್ಲಿ ಹೆಚ್ಚಿನವು ಬಟ್ಟೆ ಜೋಡಿಸಿದ ಹೊಲಿಗೆಗಳು ಸೇರುವ ಜಾಗಗಳೇ. ವಜ್ರದ ನಡುವೆ ಒಂದೊಂದು ಚುಕ್ಕೆ ಇಟ್ಟರೆ ಸಾಕು.

ಎಸಳಿನ ಸುತ್ತ ಕಾಲು ಇಂಚು ಬಿಟ್ಟು ಅದೇ ಆಕಾರದ ಗೆರೆಗಳು, ಚೌಕದ ಮೂಲೆ ತುಂಬುವ ತನಕ. ನಕ್ಷತ್ರಗಳಿಗೆ ಅಂಚಿನಗುಂಟ ಸ್ಟಿಚ್ ಇನ್ ದ ಡಿಚ್ (ಬಟ್ಟೆ ಜೋಡಿಸಿದ ಗೆರೆಯ ತಗ್ಗಿನಲ್ಲೇ ಹೊಲಿಯುವುದು), ಮಧ್ಯದ ಚೌಕದಲ್ಲಿ ಬದಿಯಿಂದ 1 ಇಂಚು ಒಳಗೆ ಇನ್ನೊಂದು ಚೌಕ. ಅಷ್ಟೇ. ಬಾರ್ಡರ್‌ಗೆ ಅಂಚಿಗೆ ಅಡ್ಡಲಾಗಿ 1 ಇಂಚಿಗೊಂದು ನೇರ ಗೆರೆ. ಒಳಗೆ ಇಷ್ಟು ಹೊಲಿದು ಬಾರ್ಡರ್ ಖಾಲಿ ಬಿಟ್ಟರೆ ಅದು ಅಲೆ ಅಲೆಯಾಗುತ್ತದೆ.

ಇನ್ನು ದಾರ. ರೀಲನ್ನು ಬಟ್ಟೆಯ ಮೇಲಿಟ್ಟು ಬಣ್ಣ ಆರಿಸಬೇಡಿ. ರೀಲಿನಲ್ಲಿ ಸುತ್ತಿದ ದಾರ ಒಂಟಿ ಎಳೆಗಿಂತ ಗಾಢವಾಗಿ ಕಾಣುತ್ತದೆ. ಒಂದು ಮೊಳ ಎಳೆದು, ಸಡಿಲವಾಗಿ ಸುರುಳಿ ಸುರುಳಿಯಾಗಿ ಟಾಪ್ ಮೇಲೆ ಬಿಟ್ಟು, ಎದ್ದು ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಬೇಕು. ಹಗಲು ಬೆಳಕಿನಲ್ಲಿ ಒಮ್ಮೆ, ರಾತ್ರಿ ದೀಪದಲ್ಲಿ ಒಮ್ಮೆ.

ಹಾಗೆ ನೋಡಿದಾಗ ಅಪ್ಪಟ ಬಿಳಿ ದಾರ ಕೆನೆ ಬಟ್ಟೆಯ ಮೇಲೆ ತಣ್ಣಗೆ ಎದ್ದು ಕಂಡಿತು. ಬಟ್ಟೆಗಿಂತ ಒಂದು ಚೂರು ಗಾಢವಾದ ಕೆನೆ ದಾರ ಪೂರ್ತಿ ಕರಗಿಹೋಯಿತು. ಬಣ್ಣ ಬದಲಾಗುವ ವೇರಿಗೇಟೆಡ್ ದಾರವನ್ನು ಆಸೆಯಿಂದ ಹಾಕಿ ನೋಡಿದೆ. ತಿಳಿ ಭಾಗ ಮಾಯ, ಗಾಢ ಭಾಗ ಮಾತ್ರ ಕಾಣುತ್ತದೆ. ಎಸಳು ಅರ್ಧಕ್ಕೆ ಮುರಿದಂತೆ ಕಂಡಿತು, ಬೇಡ. ಹೊಳೆಯುವ ಟ್ರೈಲೋಬಲ್ ಪಾಲಿಯೆಸ್ಟರ್ ಬೇರೊಂದು ಕ್ವಿಲ್ಟ್‌ಗೆ ಇರಲಿ. ಈ ಬಟ್ಟೆಗಳಿಗೆ ಹೊಳಪಿಲ್ಲದ ಹತ್ತಿಯೇ ಸರಿ.

ದಪ್ಪದ ಲೆಕ್ಕ ಸುಲಭ: ವೇಟ್ ಸಂಖ್ಯೆ ದೊಡ್ಡದಾದಷ್ಟೂ ದಾರ ತೆಳು. 50 ವೇಟ್ ಅಂದರೆ ಒಂದು ಕಿಲೋ ದಾರ 50 ಕಿಲೋಮೀಟರ್ ಉದ್ದ ಬರುತ್ತದೆ ಅಂತ ಅರ್ಥ. ಹಿನ್ನೆಲೆಯಲ್ಲಿ ಗೆರೆಗಳು ಒತ್ತೊತ್ತಾಗಿ ಬರುವುದರಿಂದ ಅಲ್ಲಿಗೆ 50 ವೇಟ್ ಕೆನೆ. ಡಿಚ್ ಹೊಲಿಗೆಗೂ ಅದೇ ದಾರ. ಬಟ್ಟೆ ಜೋಡಿಸುವಾಗ ಅಂಚುಗಳನ್ನು ನಕ್ಷತ್ರದ ಕಡೆಗೆ ಮಡಚಿ ಇಸ್ತ್ರಿ ಮಾಡಿದ್ದೆ. ಡಿಚ್ ಹೊಲಿಗೆ ಮಡಿಕೆ ಇಲ್ಲದ ತಗ್ಗಿನ ಬದಿಯಲ್ಲಿ, ಅಂದರೆ ಕೆನೆ ಬಟ್ಟೆಯ ಮೇಲೇ ಬೀಳುತ್ತದೆ. ದಾರ ಬದಲಿಸುವ ತಾಪತ್ರಯವೇ ಇಲ್ಲ.

ನಕ್ಷತ್ರದ ಮಧ್ಯಕ್ಕೆ ಮತ್ತು ಬಾರ್ಡರ್‌ಗೆ 40 ವೇಟ್ ಸಾಸಿವೆ ಹಳದಿ. ಕಡುನೀಲಿಯ ಮೇಲೆ ಅದು ಜೋರಾಗಿಯೇ ಕಾಣುತ್ತದೆ. ಕಾಣಲಿ. ಅಲ್ಲಿರೋದೆಲ್ಲ ವಾಕಿಂಗ್ ಫೂಟ್ (ಪದರಗಳನ್ನು ಒಟ್ಟಿಗೆ ಮುಂದಕ್ಕೆ ಸಾಗಿಸುವ ಯಂತ್ರದ ಪಾದ) ಹಾಕಿ ಹೊಲಿಯುವ ನೇರ ಗೆರೆಗಳು, ನೇರವಾಗಿಯೇ ಬರುತ್ತವೆ. ಎಸಳುಗಳು ಫ್ರೀ ಮೋಷನ್, ಅಂದರೆ ಬಟ್ಟೆಯನ್ನು ಕೈಯಿಂದಲೇ ಸರಿಸುತ್ತಾ ಹೊಲಿಯುವುದು. ಅಲ್ಲಿ ಬಾಗು ಒಂದರಂತೆ ಇನ್ನೊಂದು ಇರುವುದಿಲ್ಲ. ಕೆನೆಯ ಮೇಲೆ ಕೆನೆ ದಾರ ಇದ್ದಾಗ ಕಣ್ಣಿಗೆ ಗೆರೆ ಸಿಗದೆ ಅದರ ನೆರಳು ಮಾತ್ರ ಸಿಗುತ್ತದೆ. ನಾನು ದಾರ ಆರಿಸುವುದೇ ಹೀಗೆ: ಗೆರೆ ಕಾಣಬೇಕಾ, ಉಬ್ಬುತಗ್ಗು ಸಾಕಾ? ಇದು ತೀರ್ಮಾನವಾದರೆ ಡಬ್ಬಿಯಲ್ಲಿರುವ ಮುಕ್ಕಾಲು ಪಾಲು ರೀಲುಗಳು ತಾವೇ ಪಕ್ಕಕ್ಕೆ ಸರಿಯುತ್ತವೆ.

ಬಾಬಿನ್‌ಗೆ ಮೇಲಿನ ಬಣ್ಣದ್ದೇ ದಾರ. ಬೇರೆ ಬಣ್ಣ ಹಾಕಿದರೆ ಟೆನ್ಷನ್ (ದಾರದ ಬಿಗಿತ) ಚೂರು ಆಚೀಚೆ ಆದಾಗ ಕೆಳಗಿನ ದಾರ ಚುಕ್ಕೆ ಚುಕ್ಕೆಯಾಗಿ ಮೇಲೆ ಇಣುಕುತ್ತದೆ. ಬ್ಯಾಕಿಂಗ್ (ಹಿಂಬದಿಯ ಪದರ) ಬಟ್ಟೆ ಒತ್ತಾದ ಸಣ್ಣ ಪ್ರಿಂಟಿನದು, ಅದರಲ್ಲಿ ಎರಡು ಬಣ್ಣವೂ ಅಡಗುತ್ತವೆ.

ಉಳಿದ ಬಟ್ಟೆ ಚೂರುಗಳನ್ನು ಅದೇ ಬ್ಯಾಟಿಂಗ್ ಜೊತೆ ಸೇರಿಸಿ ಮಾದರಿ ಹೊಲಿದೆ. 50 ವೇಟ್ ದಾರಕ್ಕೆ 80/12, 40 ವೇಟ್ ದಾರಕ್ಕೆ 90/14 ಅಳತೆಯ ಟಾಪ್‌ಸ್ಟಿಚ್ ಸೂಜಿ. ಅದರ ಕಣ್ಣು ಉದ್ದ ಇರುವುದರಿಂದ ದಾರ ಉಜ್ಜಿ ಸವೆಯುವುದು ಕಡಿಮೆ. ನೇರ ಗೆರೆಗೆ ಹೊಲಿಗೆ ಉದ್ದ 3 ಮಿಲಿಮೀಟರ್. ಮಾದರಿಯನ್ನು ಒಗೆದು ಒಣಗಿಸಿಯೂ ನೋಡಿದೆ. ಹತ್ತಿ ಸ್ವಲ್ಪ ಕುಗ್ಗಿ ಬಟ್ಟೆ ಸುಕ್ಕಾದಾಗ ಹಳದಿ ಗೆರೆಯ ಜೋರು ಇಳಿಯಿತು. ಕೆನೆ ಎಸಳು ಮಾತ್ರ ಇನ್ನೂ ಚೆನ್ನಾಗಿ ಎದ್ದು ಬಂತು!

ಗುರುತಿಗೆ ನೀಲಿ ಬಟ್ಟೆಯ ಮೇಲೆ ಚಾಕ್, ಕೆನೆಯ ಮೇಲೆ ನೀರಿಗೆ ಹೋಗುವ ನೀಲಿ ಪೆನ್. ಆ ಪೆನ್ನಿನ ಗುರುತು ತಣ್ಣೀರಿನಲ್ಲಿ ಪೂರ್ತಿ ಹೋಗುವ ತನಕ ಇಸ್ತ್ರಿ ಪೆಟ್ಟಿಗೆ ಹತ್ತಿರ ಬರಕೂಡದು. ಬಿಸಿ ತಾಗಿದರೆ ಕಲೆ ಕಚ್ಚಿಕೊಳ್ಳುತ್ತದೆ.

ಬಾರ್ಡರ್‌ನ ನಾಲ್ಕು ಮೂಲೆಗಳು ಇನ್ನೂ ತೀರ್ಮಾನವಾಗಿಲ್ಲ. ಎರಡು ಕಡೆಯ ಗೆರೆಗಳು ಓರೆಯಾಗಿ ಸೇರಬೇಕೋ, ಅಥವಾ ಮೂಲೆ ಚೌಕದಲ್ಲಿ ಬೇರೆಯೇ ಒಂದು ಹೂವು ಇರಬೇಕೋ? ಸದ್ಯಕ್ಕೆ ಹೂವಿನ ಕಡೆಗೇ ಮನಸ್ಸು. ಬಾರ್ಡರ್ ಕೊನೆಗೆ ಬರುವುದರಿಂದ ಯೋಚಿಸೋಕೆ ಸಮಯ ಇದೆ. ಅದಕ್ಕೂ ಮೊದಲು ಬ್ಯಾಕಿಂಗ್ ಜೋಡಿಸಬೇಕು. ಪ್ರತಿ ಬದಿಗೂ 4 ಇಂಚು ಜಾಸ್ತಿ ಬೇಕಾದ್ದರಿಂದ 76ಕ್ಕೆ 88 ಇಂಚು. ಆಮೇಲೆ ಮೂರು ಪದರ ಹಾಸಿ ಪಿನ್ ಹಾಕಿ, ನಡುವಿನ ನಕ್ಷತ್ರದಿಂದ ಡಿಚ್ ಹೊಲಿಗೆ ಶುರು.