ಭಾಷೆಯಲ್ಲೇ ಇದ್ದದ್ದು, ಹೊರಗಿಂದ ತಂದದ್ದು

ಇವತ್ತು ಜಾವಾಸ್ಕ್ರಿಪ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಹಳೆಯ ಕೋಡ್ ನೋಡುತ್ತಾ ಕೂತಿದ್ದೆ. ಸಂಖ್ಯೆಯ ಎಡಕ್ಕೆ ಸೊನ್ನೆ ತುಂಬಲು ಅಂತಲೇ ಒಂದು ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ಸೇರಿಸಿದ್ದೆವು. ಅದನ್ನು ತೆಗೆದು, ಈಗ ಭಾಷೆಯಲ್ಲೇ ಇರುವ ಪ್ಯಾಡ್‌ಸ್ಟಾರ್ಟ್ ಬರೆದೆ, ಒಂದೇ ಸಾಲಲ್ಲಿ ಕೆಲಸ ಮುಗಿಯಿತು. 2016ರ ಮಾರ್ಚ್‌ನಲ್ಲಿ ಇದೇ ಕೆಲಸ ಮಾಡುವ ಲೆಫ್ಟ್‌ಪ್ಯಾಡ್ ಅನ್ನುವ ಪುಟ್ಟ ಪ್ಯಾಕೇಜನ್ನು ಅದನ್ನು ಬರೆದವರೇ ಎನ್‌ಪಿಎಮ್ ಅನ್ನುವ, ಇಂಥ ಪ್ಯಾಕೇಜುಗಳನ್ನು ಹಂಚುವ ತಾಣದಿಂದ ವಾಪಸ್ ತೆಗೆದಾಗ, ಅದರ ಹೆಸರನ್ನೇ ಕೇಳಿರದ ಎಷ್ಟೋ ಜನರ ಬಿಲ್ಡ್ (ಕೋಡನ್ನು ಓಡಿಸಲು ಸಿದ್ಧಮಾಡುವ ಕೆಲಸ) ಕೂಡ ನಿಂತುಹೋಗಿತ್ತು; ಅವರು ಬಳಸುತ್ತಿದ್ದ ಬೇರೆ ಪ್ಯಾಕೇಜುಗಳು ಇದನ್ನು ನಂಬಿಕೊಂಡಿದ್ದವು. ಮರುವರ್ಷ, ಅಂದರೆ 2017ರ ಆವೃತ್ತಿಯಲ್ಲಿ, ಆ ಸೌಲಭ್ಯ ಭಾಷೆಯ ಜೊತೆಗೇ ಬಂತು.

ಹಾಗಂತ ಎಲ್ಲವನ್ನೂ ಭಾಷೆಯೊಳಗೆ ತುರುಕಬೇಕು ಅಂತ ನನಗೆ ಅನಿಸುವುದಿಲ್ಲ. ಪೈಥಾನ್ ಅನ್ನುವ ಇನ್ನೊಂದು ಭಾಷೆಯ 2ನೇ ಆವೃತ್ತಿಯಲ್ಲಿ, ತೆರೆಯ ಮೇಲೆ ಬರಹ ತೋರಿಸುವ ಪ್ರಿಂಟ್ ಭಾಷೆಯ ವ್ಯಾಕರಣದ್ದೇ ಭಾಗ ಆಗಿತ್ತು. 2008ರಲ್ಲಿ ಪೈಥಾನ್ 3 ಬಂದಾಗ ಅದು ಸಾಮಾನ್ಯ ಫಂಕ್ಷನ್, ಅಂದರೆ ಹೆಸರಿಟ್ಟು ಕರೆಯುವ ಕೋಡಿನ ತುಣುಕು, ಆಯಿತು. ಬ್ರಾಕೆಟ್ ಹಾಕುವ ಕಿರಿಕಿರಿ ಜಾಸ್ತಿ ಆಯಿತು ನಿಜ, ಆದರೆ ಅದರ ಜಾಗಕ್ಕೆ ನಮ್ಮದೇ ಫಂಕ್ಷನ್ ಇಡಬಹುದು, ಬೇರೆ ಫಂಕ್ಷನ್‌ಗೆ ಅದನ್ನೇ ಕೊಡಲೂಬಹುದು. ‘ಹೀಗಿದ್ದರೆ ಇದು, ಇಲ್ಲದಿದ್ದರೆ ಅದು’ ಅಂತ ಹೇಳುವ ಇಫ್ ಥರದ್ದು ಮಾತ್ರ ಬೇರೆ ಕಥೆ. ಅದನ್ನು ಫಂಕ್ಷನ್ ಮಾಡಿದರೆ ಹೆಚ್ಚಿನ ಭಾಷೆಗಳಲ್ಲಿ ಬೇಕಿರುವುದು ಒಂದೇ ಆದರೂ ಎರಡೂ ಕಡೆಯ ಲೆಕ್ಕ ಮೊದಲೇ ನಡೆದುಬಿಡುತ್ತದೆ, ಅಲ್ವಾ? ಅದು ಭಾಷೆಯಲ್ಲೇ ಇರಬೇಕು.

ಆ ಕೋಡಿನಲ್ಲಿ ಇನ್ನೂ ನಾಲ್ಕು ಲೈಬ್ರರಿ ಉಳಿದಿವೆ. ನಾಳೆ ಒಂದೊಂದನ್ನೇ ತೆರೆದು ಓದಬೇಕು.